ಗಾಲ್ಫ್ ಆಡುವಾಗ ತಂಪು ಕನ್ನಡಕ ಬೇಕೆ? ಬೇಕಾದರೆ ಯಾವುದು?

ಹೊಸೂರಿನ ಬಾಗಲೂರು ರಸ್ತೆಯಲ್ಲಿ ನನ್ನದೊಂದು ಕನ್ನಡಕದ ಅಂಗಡಿ ಇದೆ. ಕಣ್ಣು ಪರೀಕ್ಷಿಸುವ ಕೋಣೆಯಲ್ಲಿ ಕನ್ನಡ, ತಮಿಳು, ತೆಲುಗು ಮೂರೂ ಲಿಪಿಗಳ ಅಕ್ಷರಪಟಗಳು ತೂಗುತ್ತಿವೆ. ಬಂದವರು ಯಾವುದನ್ನು ಓದಬಲ್ಲರೋ ಅದನ್ನು ತೋರಿಸುತ್ತೇನೆ. ಮೊದಲೆಲ್ಲ ನನ್ನಲ್ಲಿ ತಂಪು ಕನ್ನಡಕ ಕೇಳುತ್ತಿದ್ದವರು ಎರಡೇ ಬಗೆಯವರು: ಬೈಕ್ ಓಡಿಸುವ ಹುಡುಗರು ಮತ್ತು ಪೊರೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಹಿರಿಯರು. ಕೆಲವು ವರ್ಷಗಳಿಂದ ಗಾಲ್ಫ್ ಆಡುವವರೂ ಸೇರಿಕೊಂಡಿದ್ದಾರೆ. ಕಾರ್ಖಾನೆಗಳ ಎಂಜಿನಿಯರುಗಳು, ನಿವೃತ್ತ ಸೇನಾಧಿಕಾರಿಗಳು, ಪಾಲಿಹೌಸ್ ಕಟ್ಟಿ ಗುಲಾಬಿ ಬೆಳೆಯುವವರು ಬರುತ್ತಾರೆ. 2021ರ ಆಗಸ್ಟ್‌ನಲ್ಲಿ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಬೆಂಗಳೂರಿನ ಗಾಲ್ಫ್ ಆಟಗಾರ್ತಿ ಅದಿತಿ ಅಶೋಕ್ ಪದಕದ ಹೊಸ್ತಿಲಿನಲ್ಲಿ ನಾಲ್ಕನೆಯವರಾಗಿ ಉಳಿದ ಬೆಳಿಗ್ಗೆ ಟಿವಿಯ ಮುಂದೆ ಕುಳಿತಿದ್ದ ಎಷ್ಟೋ ಮನೆಗಳ ಮಕ್ಕಳೂ ಈಗ ಚೆಂಡನ್ನು ಕುಳಿಗೆ ಉರುಳಿಸುವ ಪಟ್ಟರ್ ಕೋಲು ಹಿಡಿದಿದ್ದಾರೆ.

ಇವರೆಲ್ಲರ ಪ್ರಶ್ನೆಯೂ ಹೆಚ್ಚುಕಡಿಮೆ ಒಂದೇ. "ಹಾಕಿಕೊಂಡೇ ಆಡಬೇಕೋ, ತೆಗೆದು ಆಡಬೇಕೋ? ಹಾಕಿಕೊಂಡರೆ ಚೆಂಡು ಸರಿಯಾಗಿ ಕಾಣುವುದಿಲ್ಲ ಎನ್ನುತ್ತಾರೆ. ಹಾಕದಿದ್ದರೆ ಕಣ್ಣಿಗೆ ಕೇಡು ಎನ್ನುತ್ತಾರೆ. ಯಾರ ಮಾತು ಕೇಳುವುದು?" ದೊಡ್ಡ ಆಟಗಾರರನ್ನು ನೋಡಿದರೂ ಉತ್ತರ ಸಿಗುವುದಿಲ್ಲ. ಅಮೆರಿಕದ ಡೇವಿಡ್ ಡುವಾಲ್ 2001ರ ಓಪನ್ ಚಾಂಪಿಯನ್‌ಶಿಪ್ ಗೆದ್ದದ್ದು ಕಣ್ಣನ್ನು ಪೂರ್ತಿ ಸುತ್ತುವರಿದು ನಿಲ್ಲುವ ಕಪ್ಪು ಕನ್ನಡಕ ತೊಟ್ಟು. ಆದರೆ ಇಂದು ಟಿವಿಯಲ್ಲಿ ಕಾಣುವ ಬಹಳ ಮಂದಿ ನಡೆಯುವಾಗ ಹಾಕಿಕೊಂಡು, ಹೊಡೆತಕ್ಕೆ ನಿಲ್ಲುವಾಗ ತೆಗೆದು ಟೋಪಿಯ ಮೇಲೆ ಏರಿಸುತ್ತಾರೆ.

ನಾನು ಎಂಟು ವರ್ಷಗಳಿಂದ ಈ ಆಟ ಆಡುತ್ತಿದ್ದೇನೆ. ಅಂಗಡಿಯಲ್ಲಿ ಕುಳಿತು ಹೇಳುತ್ತಿದ್ದ ಕೆಲವು ಮಾತುಗಳನ್ನು ಮೈದಾನಕ್ಕಿಳಿದ ಮೇಲೆ ತಿದ್ದಿಕೊಂಡಿದ್ದೇನೆ. ಮುಖ್ಯವಾಗಿ ತಿದ್ದಿಕೊಂಡದ್ದು ಇದನ್ನು: ಒಂದೆಂದು ತೋರುವ ಈ ಪ್ರಶ್ನೆ ನಿಜವಾಗಿ ಎರಡು. ಒಂದು ಸಣ್ಣ ಲೆಕ್ಕ ಹಾಕೋಣ. ನನ್ನಂಥವನಿಗೆ 18 ಕುಳಿ ಮುಗಿಸಲು 90ಕ್ಕೂ ಮೇಲೆ ಹೊಡೆತ ಬೇಕು. ಕೋಲು ಬೀಸಿ ಚೆಂಡಿಗೆ ತಾಗಿಸಲು ಎರಡು ಸೆಕೆಂಡು ಹಿಡಿಯುತ್ತದೆ ಎಂದುಕೊಂಡರೆ ಒಟ್ಟು ಮೂರು ನಿಮಿಷ. ಒಂದು ರೌಂಡ್, ಅಂದರೆ ಈ 18 ಕುಳಿ, ಮುಗಿಯಲು ನಾಲ್ಕು ಗಂಟೆ ಬೇಕು. ಅಂದರೆ 240 ನಿಮಿಷಗಳಲ್ಲಿ ಹೊಡೆತಕ್ಕೆ ಸಲ್ಲುವುದು ಮೂರೇ ನಿಮಿಷ. ಉಳಿದ ಹೊತ್ತೆಲ್ಲ ನಡೆಯುವುದು, ನಿಲ್ಲುವುದು, ಚೆಂಡು ಹುಡುಕುವುದು, ದೂರ ನೋಡುವುದು, ಜೊತೆಗಾರನ ಸರದಿ ಮುಗಿಯಲೆಂದು ಕಾಯುವುದು. ಕಣ್ಣಿಗೆ ಬಿಸಿಲು ತಾಗುವುದು ಈ ಹೊತ್ತಿನಲ್ಲಿ. ಹೊಡೆತದ ಮೂರು ನಿಮಿಷಕ್ಕೆ ಏನು ಬೇಕು ಎಂಬುದು ಬೇರೆ ಪ್ರಶ್ನೆ, ನಡಿಗೆಯ ನಾಲ್ಕು ಗಂಟೆಗೆ ಏನು ಬೇಕು ಎಂಬುದು ಬೇರೆ ಪ್ರಶ್ನೆ. ಮೊದಲನೆಯದಕ್ಕೆ ಅವರವರ ಕಣ್ಣೇ ಉತ್ತರ ಹೇಳಬೇಕು. ಎರಡನೆಯದಕ್ಕೆ ಮಾತ್ರ ಉತ್ತರ ಒಂದೇ: ಹಾಕಿಕೊಳ್ಳಿ.

ಅಳತೆಗೋಲುಗಳು

ಯಾವ ಕನ್ನಡಕ ಎಂದು ನೋಡುವ ಮೊದಲು, ಯಾವುದರಿಂದ ಅಳೆಯಬೇಕು ಎಂಬುದು ತಿಳಿದಿರಲಿ.

ಮೊದಲನೆಯದು ಅತಿನೇರಳೆ ಕಿರಣಗಳಿಂದ ಸಿಗುವ ರಕ್ಷಣೆ. ಇದರಲ್ಲಿ ರಾಜಿ ಇಲ್ಲ. ಕಣ್ಣಿನ ಪೊರೆ ಬೇಗ ಬರಲು ಈ ಕಿರಣಗಳೂ ಒಂದು ಕಾರಣ. ಮೂಗಿನ ಬದಿಯಿಂದ ಕಣ್ಣಿನ ಬಿಳಿಯ ಮೇಲೆ ಬೆಳೆದು ಕಪ್ಪುಗುಡ್ಡೆಯತ್ತ ಹಬ್ಬುವ ಮಾಂಸದ ಪದರವನ್ನು ನೀವು ಹೊಲದಲ್ಲಿ ದುಡಿಯುವವರ ಕಣ್ಣಲ್ಲಿ ನೋಡಿರಬಹುದು. ವೈದ್ಯರು ಟೆರಿಜಿಯಂ ಎನ್ನುವ ಅದಕ್ಕೂ ಬಿಸಿಲಿಗೂ ನೇರ ನಂಟಿದೆ. ನಮ್ಮ ಕಡೆ ಮಾರ್ಚ್‌ನಿಂದ ಮೇ ತಿಂಗಳವರೆಗೆ ನಡುಹಗಲಿನಲ್ಲಿ ಈ ಕಿರಣಗಳ ತೀವ್ರತೆ ಹೇಳುವ ಯುವಿ ಸೂಚ್ಯಂಕ 11 ದಾಟುವುದು ಸಾಮಾನ್ಯ. ಸೂಚ್ಯಂಕ 3 ಮುಟ್ಟಿದಾಗಲೇ ರಕ್ಷಣೆ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹೊಸೂರಿನ ಹವೆ ತಂಪು, ಹಾಗಾಗಿ ಬಿಸಿಲೂ ಮೃದು ಎಂದು ನಮ್ಮವರು ತಿಳಿಯುತ್ತಾರೆ. ಇದು ತಪ್ಪು ತಿಳಿವಳಿಕೆ. ನಮ್ಮ ಊರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಪ್ರತಿ ಸಾವಿರ ಮೀಟರ್ ಏರಿದಂತೆ ಅತಿನೇರಳೆ ಕಿರಣಗಳ ತೀವ್ರತೆ ಹೆಚ್ಚುಕಡಿಮೆ ಶೇಕಡಾ ಹತ್ತರಷ್ಟು ಏರುತ್ತದೆ. ಸುಮಾರು 2,240 ಮೀಟರ್ ಎತ್ತರದ ಊಟಿಯ ಮೈದಾನದಲ್ಲಿ ಸ್ವೆಟರ್ ತೊಟ್ಟು ಆಡುವವರ ಕಣ್ಣಿಗೆ ಬೀಳುವ ಕಿರಣ, ಬೆವರು ಸುರಿಸುತ್ತ ಕೃಷ್ಣಗಿರಿಯ ಬಯಲಿನಲ್ಲಿ ನಿಂತವರ ಕಣ್ಣಿಗೆ ಬೀಳುವುದಕ್ಕಿಂತ ಹೆಚ್ಚೇ ಹೊರತು ಕಡಿಮೆಯಲ್ಲ. ತೆಳುಮೋಡ ಮುಸುಕಿದ್ದರೂ ಈ ಕಿರಣಗಳ ಬಹುಪಾಲು ಕೆಳಗಿಳಿದೇ ಇಳಿಯುತ್ತದೆ.

ಎರಡನೆಯದು ಚೆಂಡು ಕಾಣುವುದು. ಚೆಂಡಿನ ಅಡ್ಡಳತೆ 43 ಮಿಲಿಮೀಟರಿಗೂ ಕಡಿಮೆ. ಅದು ಹಸಿರಿನ ಮೇಲೂ ಕಾಣಬೇಕು, ಬಿಳಿಮೋಡದ ಎದುರೂ ಕಾಣಬೇಕು. ಮೂರನೆಯದು ನೆಲದ ಏರಿಳಿತ ತಿಳಿಯುವುದು. ಗ್ರೀನ್, ಅಂದರೆ ಕುಳಿಯ ಸುತ್ತಲಿನ ನುಣುಪಾಗಿ ಕತ್ತರಿಸಿದ ಹುಲ್ಲಿನ ಮೇಲೆ ನಿಂತಾಗ ನೆರಳು, ಹೊಳಪು, ಹುಲ್ಲು ಮಲಗಿದ ದಿಕ್ಕು ಇವುಗಳಿಂದಲೇ ಇಳಿಜಾರು ಅಂದಾಜಾಗುತ್ತದೆ. ನಾಲ್ಕನೆಯದು ಕನ್ನಡಕ ಮುಖದ ಮೇಲೆ ನಿಲ್ಲುವುದು. ಈ ಆಟದಲ್ಲಿ ತಲೆ ಬಗ್ಗಿರುತ್ತದೆ, ಮೈ ತಿರುಗುತ್ತದೆ, ಬೆವರು ಇಳಿಯುತ್ತದೆ. ಹೊಡೆತದ ನಡುವೆ ಮೂಗಿನ ಮೇಲೆ ಕಾಲು ಅಂಗುಲ ಜಾರುವ ಕನ್ನಡಕ ಎಷ್ಟು ಬೆಲೆಯದಾದರೂ ಈ ಆಟಕ್ಕೆ ಬಾರದು. ಐದನೆಯದು ನಿಮ್ಮ ಕಣ್ಣಿನ ಪವರ್. ಆರನೆಯದನ್ನು ಗಾಲ್ಫ್ ಆಡುವವರು ಯೋಚಿಸುವುದೇ ಇಲ್ಲ, ಅದು ಪೆಟ್ಟಿನಿಂದ ರಕ್ಷಣೆ. ಕ್ರಿಕೆಟ್ ಚೆಂಡು ದೊಡ್ಡದು, ಹುಬ್ಬಿನ ಮತ್ತು ಕೆನ್ನೆಯ ಮೂಳೆಗಳು ಅದನ್ನು ಅಷ್ಟಿಷ್ಟಾದರೂ ತಡೆಯುತ್ತವೆ. ಗಾಲ್ಫ್ ಚೆಂಡು ಚಿಕ್ಕದು, ಗಟ್ಟಿ, ವೇಗ ಭಯಂಕರ. ಪಕ್ಕದ ಫೇರ್‌ವೇಯಿಂದ, ಅಂದರೆ ಕುಳಿಯತ್ತ ಸಾಗುವ ಹುಲ್ಲುಹಾದಿಯಿಂದ, ದಾರಿ ತಪ್ಪಿ ಬಂದ ಚೆಂಡು ಕಣ್ಣಿಗೆ ಬಿದ್ದರೆ ಕಣ್ಣು ಉಳಿಯುವುದು ಕಷ್ಟ. ಆದ್ದರಿಂದ ಲೆನ್ಸ್ ಪಾಲಿಕಾರ್ಬೊನೇಟ್‌ನದಾಗಿರಲಿ. ಗಾಜಿನ ಲೆನ್ಸ್ ಈ ಮೈದಾನಕ್ಕೆ ಬೇಡವೇ ಬೇಡ.

ದುಡ್ಡಿನ ಮಾತನ್ನು ಆಯಾ ಕನ್ನಡಕದ ಜೊತೆಗೇ ಹೇಳುತ್ತೇನೆ. ಬೆಲೆಗಳು ನಮ್ಮ ಬೀದಿಯ ಅಂದಾಜು. ನಿಮ್ಮ ಊರಿನಲ್ಲಿ ಒಂದಿಷ್ಟು ಹಿಂದೆಮುಂದೆ ಆಗಬಹುದು.

ಬರಿಗಣ್ಣು ಮತ್ತು ಟೋಪಿ

ಖರ್ಚಿಲ್ಲದ ದಾರಿ ಇದು. ಅಂಚು ಮುಂದೆ ಚಾಚಿದ ಟೋಪಿ ನೇರ ಮೇಲಿನಿಂದ ಬೀಳುವ ಬೆಳಕನ್ನು ಚೆನ್ನಾಗಿಯೇ ತಡೆಯುತ್ತದೆ. ಬಣ್ಣಗಳು ಇದ್ದಂತೆಯೇ ಕಾಣುತ್ತವೆ, ಗ್ರೀನ್ ಓದಲು ಅಡ್ಡಿಯಿಲ್ಲ, ಜಾರುವ ಚಿಂತೆಯಿಲ್ಲ. ಆದರೆ ಬದಿಯಿಂದ ಮತ್ತು ಕೆಳಗಿನಿಂದ ಬರುವ ಬೆಳಕಿಗೆ ಟೋಪಿ ಏನೂ ಮಾಡಲಾರದು. ಹುಲ್ಲು ಅತಿನೇರಳೆ ಕಿರಣಗಳನ್ನು ಕಡಿಮೆ ಪ್ರತಿಫಲಿಸುತ್ತದೆ, ನೂರರಲ್ಲಿ ಹತ್ತು ಪಾಲಿಗೂ ಕಡಿಮೆ. ಒಣಮರಳು ಸುಮಾರು ಹದಿನೈದು ಪಾಲನ್ನು ಹಿಂದಕ್ಕೆ ಕಳುಹಿಸುತ್ತದೆ. ಬಂಕರ್ ಎಂಬ ಮರಳುಗುಂಡಿಯಲ್ಲಿ ಸಿಕ್ಕಿಬಿದ್ದಾಗ ಕಣ್ಣು ಕಿರಿದಾಗುವುದು ಸಿಟ್ಟಿಗಷ್ಟೇ ಅಲ್ಲ.

ಬೆಳಿಗ್ಗೆ ಆರಕ್ಕೆ ಶುರುಮಾಡಿ ಒಂಬತ್ತು ಕುಳಿ ಆಡಿ ಎಂಟಕ್ಕೆಲ್ಲ ಮನೆ ಸೇರುವವರಿಗೆ ಟೋಪಿ ಸಾಕು. ಡಿಸೆಂಬರ್, ಜನವರಿಯ ಮುಂಜಾನೆ ಮಂಜು ಕವಿದಿರುವಾಗ ಕನ್ನಡಕ ತೊಟ್ಟರೆ ತೊಂದರೆಯೇ ಹೆಚ್ಚು: ಲೆನ್ಸ್ ಮೇಲೆ ಹಬೆ ಕೂರುತ್ತದೆ, ಚೆಂಡು ಬಿದ್ದ ಜಾಗ ತಿಳಿಯುವುದಿಲ್ಲ. ಒಂಬತ್ತು ಗಂಟೆ ದಾಟಿದ ಮೇಲೂ ಮೈದಾನದಲ್ಲಿ ಇರುವವರಿಗೆ ಬರೀ ಟೋಪಿಯನ್ನು ನಾನು ಹೇಳಲಾರೆ. ಟೋಪಿಯೂ ಇರಲಿ, ಕನ್ನಡಕವೂ ಇರಲಿ.

ಅತಿನೇರಳೆ ತಡೆಯುವ ಕಾಂಟ್ಯಾಕ್ಟ್ ಲೆನ್ಸ್ ಇದೆಯಲ್ಲ ಎಂದು ಕೆಲವು ಹುಡುಗಿಯರು ಕೇಳಿದ್ದುಂಟು. ಅದು ಮುಚ್ಚುವುದು ಕಪ್ಪುಗುಡ್ಡೆಯನ್ನು ಮಾತ್ರ. ಕಣ್ಣಿನ ಬಿಳಿಯೂ ರೆಪ್ಪೆಯೂ ಬಿಸಿಲಿಗೆ ತೆರೆದೇ ಇರುತ್ತವೆ.

ರಸ್ತೆಬದಿಯ ಕೂಲಿಂಗ್ ಗ್ಲಾಸ್

ಬಸ್ ನಿಲ್ದಾಣದ ಬಳಿ 150ರಿಂದ 300 ರೂಪಾಯಿಗೆ ಸಿಗುವ ಕಪ್ಪು ಕನ್ನಡಕ ಬರಿಗಣ್ಣಿಗಿಂತ ಕೆಟ್ಟದ್ದಾಗಬಹುದು. ಇದನ್ನು ಅಂಗಡಿ ಇಟ್ಟವನ ಸ್ವಾರ್ಥದ ಮಾತೆಂದು ತಿಳಿಯಬೇಡಿ. ಕಾರಣ ಇಷ್ಟೇ: ಕತ್ತಲಾದರೆ ಕಣ್ಣಿನ ಪಾಪೆ ಹಿಗ್ಗುತ್ತದೆ. ಲೆನ್ಸ್ ಬೆಳಕನ್ನಷ್ಟೇ ತಡೆದು ಅತಿನೇರಳೆ ಕಿರಣವನ್ನು ಒಳಗೆ ಬಿಟ್ಟರೆ, ಹಿಗ್ಗಿದ ಪಾಪೆಯಿಂದ ಆ ಕಿರಣ ಇನ್ನೂ ಹೆಚ್ಚು ಒಳಹೋಗುತ್ತದೆ. ಬರಿಗಣ್ಣಾಗಿದ್ದರೆ ಕಣ್ಣು ತಾನಾಗಿಯೇ ಕಿರಿದಾಗಿ ತನ್ನನ್ನು ಒಂದಿಷ್ಟು ಕಾಪಾಡಿಕೊಳ್ಳುತ್ತಿತ್ತು.

ಅಗ್ಗದ್ದೆಲ್ಲ ಕೆಟ್ಟದ್ದು ಎಂದೂ ಅಲ್ಲ. ಬಣ್ಣದ ಗಾಢತೆಗೂ ಯುವಿ ರಕ್ಷಣೆಗೂ ಸಂಬಂಧವಿಲ್ಲ, ಬೆಲೆಗೂ ಅಷ್ಟಾಗಿ ಸಂಬಂಧವಿಲ್ಲ. ಬಣ್ಣವೇ ಇಲ್ಲದ ಪಾಲಿಕಾರ್ಬೊನೇಟ್ ಲೆನ್ಸ್ ಕೂಡ ಈ ಕಿರಣಗಳ ಬಹುಪಾಲನ್ನು ತನ್ನ ಗುಣದಿಂದಲೇ ತಡೆಯುತ್ತದೆ. 400 ನ್ಯಾನೊಮೀಟರ್‌ವರೆಗಿನ ಕಿರಣಗಳನ್ನು ತಡೆಯುತ್ತದೆ ಎಂಬುದಕ್ಕೆ ಯುವಿ400 ಎಂಬ ಗುರುತು ಇರುತ್ತದೆ. ಆದರೆ ಗುರುತಿನ ಚೀಟಿಯನ್ನು ಯಾರು ಬೇಕಾದರೂ ಅಂಟಿಸಬಹುದು. ಹಲವು ಕನ್ನಡಕದ ಅಂಗಡಿಗಳಲ್ಲಿ ಅಳೆದು ತೋರಿಸುವ ಪುಟ್ಟ ಯಂತ್ರ ಇರುತ್ತದೆ, ಸಂಕೋಚಪಡದೆ ಕೇಳಿ. ಬೇರೆ ಕಡೆ ಕೊಂಡ ಕನ್ನಡಕವನ್ನು ತಂದರೂ ನಾನು ಅಳೆದು ಹೇಳುತ್ತೇನೆ, ಅದಕ್ಕೆ ಕಾಸು ಪಡೆಯುವುದಿಲ್ಲ. ಮನೆಯಲ್ಲೇ ಮಾಡಬಹುದಾದ ಒರಟು ಪರೀಕ್ಷೆಯೂ ಒಂದಿದೆ. ಕಿರಾಣಿ ಅಂಗಡಿಯವರು ನೋಟು ನೋಡಲು ಇಟ್ಟುಕೊಳ್ಳುವ ನೇರಳೆ ದೀಪದ ಕೆಳಗೆ 500 ರೂಪಾಯಿಯ ನೋಟು ಹಿಡಿದರೆ ಅದರ ಸಂಖ್ಯೆಯೂ ಸಣ್ಣ ಎಳೆಗಳೂ ಹೊಳೆಯುತ್ತವೆ. ದೀಪಕ್ಕೂ ನೋಟಿಗೂ ನಡುವೆ ಕನ್ನಡಕದ ಲೆನ್ಸ್ ಹಿಡಿಯಿರಿ. ಹೊಳಪು ಆರಿದರೆ ಒಳ್ಳೆಯ ಲಕ್ಷಣ. ಮೊದಲಿನಂತೆಯೇ ಹೊಳೆಯುತ್ತಿದ್ದರೆ ಆ ಕನ್ನಡಕವನ್ನು ಮರೆತುಬಿಡಿ.

ಇನ್ನೊಂದು ಪರೀಕ್ಷೆ ಗಾಲ್ಫ್ ಆಡುವವರಿಗೆ ಅದಕ್ಕಿಂತಲೂ ಮುಖ್ಯ. ಪವರ್ ಇಲ್ಲದ ಕನ್ನಡಕವನ್ನು ಕೈ ಚಾಚಿ ಹಿಡಿದು, ಅದರ ಮೂಲಕ ಬಾಗಿಲ ಚೌಕಟ್ಟಿನ ನೇರ ಗೆರೆಯನ್ನು ನೋಡುತ್ತ ನಿಧಾನವಾಗಿ ಆಡಿಸಿ. ಗೆರೆ ಅಲುಗಿದರೆ, ಬಾಗಿದರೆ ಆ ಲೆನ್ಸ್ ಸರಿಯಿಲ್ಲ. ಬಾಗಿಲನ್ನೇ ಬಾಗಿಸಿ ತೋರಿಸುವ ಲೆನ್ಸ್, ಆರು ಅಡಿಯ ಪಟ್‌ನ, ಅಂದರೆ ಕುಳಿಗೆ ಉರುಳಿಸುವ ಹೊಡೆತದ, ಇಳಿಜಾರನ್ನು ಸರಿಯಾಗಿ ತೋರಿಸುತ್ತದೆಯೇ?

ಬೂದು ಲೆನ್ಸ್

ಬಿಲ್ಲು ಕೊಡುವ ಅಂಗಡಿಯಲ್ಲಿ 800ರಿಂದ 1,500 ರೂಪಾಯಿಗೆ ಯುವಿ400 ಇರುವ, ಪಾಲಿಕಾರ್ಬೊನೇಟ್‌ನ ಬೂದುಬಣ್ಣದ ಕನ್ನಡಕ ಸಿಗುತ್ತದೆ. ಕಣ್ಣಿನ ಆರೋಗ್ಯದ ಮಟ್ಟಿಗೆ ಇದು ಹದಿನೈದು ಸಾವಿರದ ಕನ್ನಡಕಕ್ಕೆ ಯಾವ ಬಗೆಯಲ್ಲೂ ಕಡಿಮೆಯಲ್ಲ. ಬೂದು ಎಲ್ಲ ಬಣ್ಣಗಳನ್ನೂ ಒಂದೇ ಸಮನೆ ತಗ್ಗಿಸುತ್ತದೆ, ಹಾಗಾಗಿ ಬಣ್ಣಗಳು ಕೆಡುವುದಿಲ್ಲ. ಇದರ ಕೊರತೆಯೂ ಅದೇ ಗುಣದಲ್ಲಿದೆ. ಹಸಿರೂ ಬಿಳಿಯೂ ಒಟ್ಟಿಗೇ ಮಂಕಾಗುವುದರಿಂದ ಚೆಂಡು ಎದ್ದು ಕಾಣುವುದಿಲ್ಲ.

ಎಷ್ಟು ಗಾಢ ಎಂಬುದನ್ನು ವಿಚಾರಿಸಿ ಕೊಳ್ಳಿ. ತಂಪು ಕನ್ನಡಕಗಳನ್ನು 0ಯಿಂದ 4ರವರೆಗೆ ಐದು ದರ್ಜೆಗಳಾಗಿ ವಿಂಗಡಿಸುತ್ತಾರೆ. ದರ್ಜೆ 2 ನೂರರಲ್ಲಿ 18ರಿಂದ 43 ಪಾಲು ಬೆಳಕನ್ನು ಒಳಬಿಡುತ್ತದೆ, ದರ್ಜೆ 3 ಬಿಡುವುದು 8ರಿಂದ 18 ಪಾಲನ್ನು. ದರ್ಜೆ 4 ಹಿಮಪರ್ವತದವರಿಗೆ. ಅದನ್ನು ಹಾಕಿಕೊಂಡು ವಾಹನ ಓಡಿಸಲೂ ಬಾರದು. ಹೊಸೂರಿನ ಬೇಸಿಗೆಯ ಬಿಸಿಲಿಗೆ 3 ಸರಿ. ನೀಲಗಿರಿ ಮರಗಳ ನೆರಳು ಬಿಸಿಲು ನಿಮಿಷಕ್ಕೊಮ್ಮೆ ಬದಲಾಗುವ ಮೈದಾನಗಳಲ್ಲಿ, ಮಳೆಗಾಲದ ಮೋಡದಲ್ಲಿ 2 ಹಿತ. ಒಂದನ್ನೇ ಕೊಳ್ಳುವುದಾದರೆ ನಾನು 2ರ ಗಾಢ ತುದಿಯದ್ದನ್ನು ಆರಿಸುತ್ತೇನೆ.

ಕಂದು, ತಾಮ್ರ, ಗುಲಾಬಿ ಛಾಯೆಗಳು

ಗಾಲ್ಫ್‌ಗೆಂದೇ ಮಾರುವ ಕನ್ನಡಕಗಳ ಗುಟ್ಟು ಇಲ್ಲಿದೆ. ನೀಲಿ ಬೆಳಕು ಗಾಳಿಯಲ್ಲಿ ಹೆಚ್ಚು ಚದುರುತ್ತದೆ, ದೂರದ ನೋಟವನ್ನು ಮಬ್ಬಾಗಿಸುತ್ತದೆ. ಕಂದು ಮತ್ತು ತಾಮ್ರದ ಛಾಯೆಗಳು ಆ ನೀಲಿಯನ್ನು ಕಡಿತಗೊಳಿಸುತ್ತವೆ. ಆಗ ನೆರಳಿಗೂ ಬೆಳಕಿಗೂ ನಡುವಿನ ಗಡಿ ಚೂಪಾಗುತ್ತದೆ, ಹುಲ್ಲಿನ ಬೇರೆ ಬೇರೆ ಹಸಿರುಗಳು ಬೇರೆಬೇರೆಯಾಗಿಯೇ ಕಾಣುತ್ತವೆ. ಇದನ್ನು ನಾನು ಮೊದಲು ನಂಬಿರಲಿಲ್ಲ, ಮಾರಾಟದ ಮಾತೆಂದುಕೊಂಡಿದ್ದೆ. ಒಂದು ಏಪ್ರಿಲ್ ಬೆಳಿಗ್ಗೆ ಬೂದು ಮತ್ತು ಕಂದು ಎರಡನ್ನೂ ಜೇಬಿನಲ್ಲಿಟ್ಟುಕೊಂಡು ಹೋಗಿ ಕುಳಿಗೊಂದರಂತೆ ಬದಲಾಯಿಸುತ್ತ ಆಡಿದೆ. ಬೂದಿನಲ್ಲಿ ಸಪಾಟಾಗಿ ಕಂಡ ಗ್ರೀನ್‌ನ ಎಡತುದಿ ಕಂದಿನಲ್ಲಿ ಬಟ್ಟಲಿನ ಅಂಚಿನಂತೆ ಏರಿ ನಿಂತಿತು. ರಫ್ ಎನ್ನುವ ಉದ್ದ ಹುಲ್ಲಿನಲ್ಲಿ ಬಿದ್ದ ಚೆಂಡನ್ನು ಹುಡುಕುವುದೂ ಹಗುರವಾಯಿತು.

ಸಾದಾ ಕಂದು ಲೆನ್ಸ್ ಬೂದಿನ ಬೆಲೆಗೇ ಸಿಗುತ್ತದೆ. ಇನ್ನೂ ಮುಂದೆ ಹೋದರೆ ಆಯ್ದ ಬಣ್ಣಗಳನ್ನಷ್ಟೇ ಸೋಸುವ ಲೆನ್ಸ್‌ಗಳಿವೆ. ಓಕ್ಲಿಯ ಪ್ರಿಜ್ಮ್ ಗಾಲ್ಫ್ ಈ ಪೈಕಿ ಹೆಚ್ಚು ಹೆಸರಾದದ್ದು. ಇಂಥವಕ್ಕೆ ಹತ್ತು ಸಾವಿರ ರೂಪಾಯಿ ದಾಟುತ್ತದೆ. ಸಾದಾ ಕಂದಿಗಿಂತ ಇವು ಮೇಲೇ, ಅದರಲ್ಲಿ ಅನುಮಾನವಿಲ್ಲ. ಆದರೆ ಬೂದಿನಿಂದ ಕಂದಿಗೆ ಏರಿದಾಗ ಆಗುವ ಲಾಭ ದೊಡ್ಡದು, ಕಂದಿನಿಂದ ಇವಕ್ಕೆ ಏರಿದಾಗ ಆಗುವುದು ಚಿಕ್ಕದು. ವಾರಕ್ಕೆ ಮೂರು ದಿನ ಆಡುವವರು, ಪಂದ್ಯಗಳಿಗೆ ಹೋಗುವವರು ಕೊಳ್ಳಲಿ. ತಿಂಗಳಿಗೆರಡು ಬಾರಿ ಆಡುವವರು ಆ ಹಣವನ್ನು ಒಬ್ಬ ಒಳ್ಳೆಯ ತರಬೇತುದಾರರಿಗೆ ಕೊಟ್ಟರೆ ಹೆಚ್ಚು ಪ್ರಯೋಜನ.

ಹಳದಿ ಲೆನ್ಸ್ ಮೋಡದ ದಿನಕ್ಕೆ ಚೆನ್ನ, ಬಿಸಿಲಿಗೆ ಸಾಲದು. ಚೆಂಡು ಹುಡುಕುವ ನೀಲಿ ಕನ್ನಡಕ ಎಂದು ಒಂದನ್ನು ಮಾರುತ್ತಾರೆ. ಅದು ಹುಡುಕುವುದಕ್ಕಷ್ಟೇ, ಆಡುವುದಕ್ಕಲ್ಲ.

ಪೋಲರೈಸ್ಡ್: ಹೆಚ್ಚು ವಾದ ಇರುವುದು ಇದರ ಸುತ್ತ

ನೀರಿನ ಮೇಲಿನ, ಒದ್ದೆ ರಸ್ತೆಯ ಮೇಲಿನ ಕಣ್ಣು ಕುಕ್ಕುವ ಹೊಳಪನ್ನು ಪೋಲರೈಸ್ಡ್ ಲೆನ್ಸ್ ಅಳಿಸಿಹಾಕುತ್ತದೆ. ಸಮತಟ್ಟಾದ ಮೇಲ್ಮೈಯಿಂದ ಚಿಮ್ಮಿ ಬರುವ ಬೆಳಕಿನ ಕಂಪನ ಬಹುಮಟ್ಟಿಗೆ ಅಡ್ಡಡ್ಡವಾಗಿರುತ್ತದೆ. ಈ ಲೆನ್ಸ್ ಅಡ್ಡ ಕಂಪನವನ್ನು ತಡೆದು ಲಂಬವಾದುದನ್ನು ಮಾತ್ರ ಬಿಡುತ್ತದೆ. ಬೆಂಗಳೂರಿಗೆ ದಿನವೂ ಅತ್ತಿಬೆಲೆ ದಾಟಿ ಕಾರು ಓಡಿಸುವವರಿಗೆ, ಕೆರೆಯಲ್ಲಿ ಮೀನು ಹಿಡಿಯುವವರಿಗೆ ಇದಕ್ಕಿಂತ ಒಳ್ಳೆಯದು ಇಲ್ಲ. ಬೆಲೆ 1,500ರಿಂದ 4,000.

ಗಾಲ್ಫ್‌ನಲ್ಲಿ ತೊಡಕು ಇಷ್ಟು: ಹುಲ್ಲಿನ ಹೊಳಪೂ ಒಂದು ಸುದ್ದಿಯೇ. ಹುಲ್ಲು ನಿಮ್ಮಿಂದ ಆಚೆಗೆ ಮಲಗಿದ್ದರೆ ಗ್ರೀನ್ ಹೊಳೆಯುತ್ತದೆ, ಚೆಂಡು ಬೇಗ ಓಡುತ್ತದೆ. ನಿಮ್ಮ ಕಡೆಗೆ ಮಲಗಿದ್ದರೆ ಮಂಕಾಗಿ ಕಾಣುತ್ತದೆ, ಚೆಂಡು ನಿಧಾನಿಸುತ್ತದೆ. ಇಬ್ಬನಿ ಎಲ್ಲಿ ಆರಿಲ್ಲ ಎಂಬುದೂ ಹೊಳಪಿನಿಂದಲೇ ತಿಳಿಯುತ್ತದೆ. ಪೋಲರೈಸ್ಡ್ ಲೆನ್ಸ್ ಈ ಸುಳಿವನ್ನು ಒರೆಸಿಬಿಡುತ್ತದೆ. ದೂರ ಅಳೆಯುವ ರೇಂಜ್‌ಫೈಂಡರಿನ, ಕೈಗಡಿಯಾರದ, ಮೊಬೈಲಿನ ಪರದೆ ಕೆಲವು ಕೋನಗಳಲ್ಲಿ ಕಪ್ಪಾಗಿ ಕಾಣುವುದೂ ಉಂಟು. ನಿಮ್ಮ ಕನ್ನಡಕ ನಿಜವಾಗಿ ಪೋಲರೈಸ್ಡೇ ಎಂದು ಪತ್ತೆಮಾಡಲು ಇದೇ ಸುಲಭ ದಾರಿ. ಮೊಬೈಲಿನ ಪರದೆಯ ಎದುರು ಲೆನ್ಸನ್ನು ಗಡಿಯಾರದ ಮುಳ್ಳಿನಂತೆ ತಿರುಗಿಸಿ, ಒಂದು ಕಡೆ ಪರದೆ ಮಂಕಾಗಬೇಕು.

ಆದ್ದರಿಂದ ಪೋಲರೈಸ್ಡ್ ಕನ್ನಡಕವನ್ನು ಗ್ರೀನ್ ಮೇಲೆ ತೆಗೆಯುವ ಅಭ್ಯಾಸ ಇರುವವರು ಕೊಳ್ಳಬಹುದು. ಒಂದೇ ಕನ್ನಡಕ ಕಾರಿಗೂ ಆಟಕ್ಕೂ ಆಗಲಿ ಎನ್ನುವವರಿಗೂ ಇದು ಸರಿ. ಪಟ್ ಮಾಡುವಾಗಲೂ ತೆಗೆಯಲು ಮನಸ್ಸಿಲ್ಲದವರು ಪೋಲರೈಸ್ ಆಗದ ಕಂದನ್ನು ಆರಿಸಲಿ.

ಬಿಸಿಲಿಗೆ ತಾನೇ ಕಪ್ಪಾಗುವ ಲೆನ್ಸ್

ಫೋಟೋಕ್ರೋಮಿಕ್ ಎಂಬ ಈ ಲೆನ್ಸ್ ಅತಿನೇರಳೆ ಕಿರಣ ಬಿದ್ದಾಗ ಗಾಢವಾಗುತ್ತದೆ, ನೆರಳಿಗೆ ಬಂದಾಗ ತಿಳಿಯಾಗುತ್ತದೆ. ಪವರ್ ಇರುವವರಿಗೆ ಒಂದೇ ಕನ್ನಡಕದಲ್ಲಿ ಎಲ್ಲ ಕೆಲಸ ಆಗುವುದು ದೊಡ್ಡ ಸೌಕರ್ಯ. ಪವರ್ ಸೇರಿ 3,000ರಿಂದ 8,000 ರೂಪಾಯಿ ಆಗುತ್ತದೆ. ಇದರ ಸ್ವಭಾವ ತಿಳಿದು ಕೊಳ್ಳಿ. ಕಪ್ಪಾಗುವುದು ಬೇಗ, ತಿಳಿಯಾಗುವುದು ನಿಧಾನ. ಬಿಸಿಲಿನಿಂದ ಮರದಡಿಗೆ ಬಂದು ಹೊಡೆಯಬೇಕಾದಾಗ ಲೆನ್ಸ್ ಇನ್ನೂ ಕಪ್ಪಾಗಿಯೇ ಇರುತ್ತದೆ. ಸೆಕೆ ಹೆಚ್ಚಾದಷ್ಟೂ ಇದು ಕಪ್ಪಾಗುವುದು ಕಡಿಮೆ. ಹಾಗಾಗಿ ಊಟಿಯ ಚಳಿಯಲ್ಲಿ ಚೆನ್ನಾಗಿ ಗಾಢವಾಗುವ ಅದೇ ಲೆನ್ಸ್ ಧರ್ಮಪುರಿಯ ಏಪ್ರಿಲ್‌ನಲ್ಲಿ ಅರೆಬರೆ ಕೆಲಸ ಮಾಡುತ್ತದೆ. ಕಾರಿನ ಮುಂಗಾಜು ಅತಿನೇರಳೆಯನ್ನು ತಡೆಯುವುದರಿಂದ ಕಾರಿನೊಳಗೆ ಕಪ್ಪಾಗುವುದೇ ಇಲ್ಲ ಎನ್ನಬಹುದು.

ಚಾಳೀಸು ಬಂದವರಿಗೆ

ಇದನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ಇಲ್ಲಿ ನಾನೇ ಒಬ್ಬರಿಗೆ ತಪ್ಪು ಸಲಹೆ ಕೊಟ್ಟಿದ್ದೇನೆ. ಅರವತ್ತು ದಾಟಿದ ನಿವೃತ್ತ ಅಧಿಕಾರಿಯೊಬ್ಬರು ದೂರಕ್ಕೂ ಓದಿಗೂ ಒಂದೇ ಆಗುವ ಪ್ರೋಗ್ರೆಸ್ಸಿವ್ ಲೆನ್ಸ್‌ನಲ್ಲಿ ಬಣ್ಣ ಹಾಕಿಸಿ ತಂಪು ಕನ್ನಡಕ ಮಾಡಿಸಿಕೊಂಡರು. ಮುಂದಿನ ವಾರವೇ ಬಂದು, "ಏನಪ್ಪಾ, ನಿನ್ನ ಕನ್ನಡಕ ಹಾಕಿಕೊಂಡರೆ ಚೆಂಡು ಮಂಜಿನಲ್ಲಿ ಕುಳಿತ ಹಾಗೆ ಕಾಣುತ್ತದೆ" ಎಂದರು. ಅವರನ್ನು ಕೋಲು ಹಿಡಿದಂತೆ ನಿಲ್ಲಿಸಿ ನೋಡಿದಾಗ ಗೊತ್ತಾಯಿತು. ಪ್ರೋಗ್ರೆಸ್ಸಿವ್ ಲೆನ್ಸಿನ ಕೆಳಭಾಗ ಓದುವ ದೂರಕ್ಕೆ ಹೊಂದಿರುತ್ತದೆ. ಚೆಂಡು ಇರುವುದು ಕಾಲಡಿಯಲ್ಲಿ, ಐದಾರು ಅಡಿ ದೂರದಲ್ಲಿ. ಕಣ್ಣು ಕೆಳಗಿಳಿಸಿದರೆ ಓದುವ ಭಾಗದಿಂದ ಚೆಂಡನ್ನು ನೋಡಿದಂತಾಗುತ್ತದೆ. ಅದನ್ನು ತಪ್ಪಿಸಲು ಗಲ್ಲವನ್ನು ಎದೆಗೆ ಒತ್ತಿದರೆ ಭುಜ ತಿರುಗಲು ಜಾಗವಿಲ್ಲ. ಅಂದು ಅವರ ಹಣ ಹಿಂದಿರುಗಿಸಿದೆ. ಅಂದಿನಿಂದ ಗಾಲ್ಫ್ ಆಡುವ ಯಾರಿಗೂ ಪ್ರೋಗ್ರೆಸ್ಸಿವ್ ತಂಪು ಕನ್ನಡಕ ಮಾಡಿಕೊಟ್ಟಿಲ್ಲ.

ಅವರಿಗೆ ಬೇಕಾಗಿದ್ದುದು ಬರೀ ದೂರದ ಪವರ್ ಇರುವ, ಕಂದು ಛಾಯೆಯ ಲೆನ್ಸ್. ಅಂಕಪಟ್ಟಿ ಓದಲು ಕಷ್ಟವಾದರೆ ಒಂದು ಲೆನ್ಸಿನ ಹೊರಗಿನ ಕೆಳಮೂಲೆಯಲ್ಲಷ್ಟೇ ಓದುವ ಪವರಿನ ಪುಟ್ಟ ತುಂಡು ಕೂರಿಸಿಕೊಡುವ ಪದ್ಧತಿ ಇದೆ. ಚೆಂಡು ನೋಡುವಾಗ ಅದು ಅಡ್ಡ ಬರುವುದಿಲ್ಲ. ಬೈಫೋಕಲ್ ಹಾಕುವವರಿಗೂ ಇದೇ ಮಾತು.

ಪವರ್ ಹೆಚ್ಚು ಇರುವವರು ಮುಖಕ್ಕೆ ಸುತ್ತಿಕೊಳ್ಳುವ ಬಾಗು ಚೌಕಟ್ಟಿಗೆ ಆಸೆಪಡಬೇಡಿ. ಬಾಗಿದ ಲೆನ್ಸ್‌ನಲ್ಲಿ ದೊಡ್ಡ ಪವರ್ ಕೂರಿಸಿದರೆ ಅಂಚುಗಳಲ್ಲಿ ನೆಲ ಓರೆಯಾಗಿ ಕಾಣುತ್ತದೆ. ಅವರಿಗೆ ಸಾಧಾರಣ ಬಾಗಿನ, ಅಗಲವಾದ ಚೌಕಟ್ಟೇ ಮೇಲು. ಖರ್ಚು ಉಳಿಸಬೇಕಾದರೆ ಇರುವ ಕನ್ನಡಕಕ್ಕೇ ಸಿಕ್ಕಿಸುವ ಕ್ಲಿಪ್ ಸಿಗುತ್ತದೆ, 300ರಿಂದ 800 ರೂಪಾಯಿ. ನೋಡಲು ಅಂದವಿಲ್ಲದಿರಬಹುದು, ಆದರೆ ಗ್ರೀನ್ ತಲುಪಿದಾಗ ಬೆರಳಿನಿಂದ ಮೇಲೆತ್ತಿದರೆ ಮುಗಿಯಿತು. ಅದರ ಹೆಚ್ಚಿನ ಮಾದರಿಗಳು ಪೋಲರೈಸ್ಡ್ ಆಗಿರುವುದರಿಂದ ಮೇಲೆತ್ತುವ ಈ ಸೌಕರ್ಯ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ.

ಒಂದು ಎಚ್ಚರಿಕೆ. ಯಾವ ಕನ್ನಡಕವನ್ನೇ ಆರಿಸಿ, ಆಟದ ನಡುವೆ ಮನಸ್ಸು ಬದಲಾಯಿಸುತ್ತಿರಬೇಡಿ. ಪವರ್ ಲೆನ್ಸ್ ಚೆಂಡನ್ನು ಕೂದಲೆಳೆಯಷ್ಟು ಹತ್ತಿರಕ್ಕೋ ದೂರಕ್ಕೋ ಸರಿಸಿ ತೋರಿಸುತ್ತದೆ, ಮೆದುಳು ಅದಕ್ಕೆ ಹೊಂದಿಕೊಂಡಿರುತ್ತದೆ. ಹೊಡೆತಕ್ಕೆ ತೆಗೆಯುವವರು ಪ್ರತಿ ಹೊಡೆತಕ್ಕೂ ತೆಗೆಯಿರಿ. ಹಾಕಿಕೊಂಡು ಆಡುವವರು ಅಭ್ಯಾಸದ ಮೈದಾನದಲ್ಲೂ ಹಾಕಿಕೊಂಡೇ ನೂರಿನ್ನೂರು ಚೆಂಡು ಹೊಡೆದು ನೋಡಿ. ಪವರ್ ಇಲ್ಲದವರಿಗೆ ತೆಗೆಯುವುದೂ ಹಾಕುವುದೂ ಸುಲಭ. ಪವರ್ ಇರುವವರು ತೆಗೆದರೆ ಚೆಂಡೇ ಕಾಣದು. ಆದ್ದರಿಂದ ಟಿವಿಯಲ್ಲಿ ಕಂಡ ಪದ್ಧತಿ ಅವರಿಗಲ್ಲ.

ಇಷ್ಟಾದ ಮೇಲೆ ನನಗೇನು ಬೇಕು ಎಂದು ಕೇಳುವವರಿಗೆ

ಈಗಷ್ಟೇ ಆಟ ಶುರುಮಾಡಿದ, ಪವರ್ ಇಲ್ಲದ ಹುಡುಗ ಹುಡುಗಿಯರಿಗೆ ಯುವಿ400 ಇರುವ ಸಾದಾ ಕಂದು, ದರ್ಜೆ 2, ಸಾವಿರ ರೂಪಾಯಿಯ ಒಳಗೆ. ಮೂಗಿನ ಮೇಲೆ ರಬ್ಬರಿನ ಆಸರೆ ಇರುವ ಹಗುರ ಚೌಕಟ್ಟು ನೋಡಿ. ಅಂಗಡಿಯಲ್ಲೇ ತಲೆ ಬಗ್ಗಿಸಿ ಎರಡು ಬಾರಿ ಕೋಲು ಬೀಸಿದಂತೆ ತಿರುಗಿ, ಜಾರಿದರೆ ಬೇರೆಯದನ್ನು ಕೇಳಿ. ನಿಯಮಿತವಾಗಿ ಆಡುವ, ಹಣದ ಚಿಂತೆ ಇಲ್ಲದವರಿಗೆ ಗಾಲ್ಫ್‌ಗೆಂದೇ ಮಾಡಿದ ಬಣ್ಣ ಸೋಸುವ ಲೆನ್ಸ್. ದಿನವೂ ಬೆಂಗಳೂರಿಗೆ ಕಾರಿನಲ್ಲಿ ಹೋಗಿ ಶನಿವಾರ ಮಾತ್ರ ಆಡುವವರಿಗೆ ಪೋಲರೈಸ್ಡ್ ಕಂದು, ಗ್ರೀನ್ ಮೇಲೆ ತೆಗೆಯುವ ಷರತ್ತಿನೊಂದಿಗೆ. ಚಾಳೀಸು ಬಂದವರಿಗೆ ದೂರದ ಪವರಿನ ಕಂದು. ಪೊರೆಯ ಶಸ್ತ್ರಚಿಕಿತ್ಸೆ ಆದವರು ಮೊದಲು ತಮ್ಮ ವೈದ್ಯರನ್ನು ಕೇಳಲಿ. ಹೊಸ ಲೆನ್ಸ್ ಕೂರಿಸಿದ ಕಣ್ಣಿಗೆ ಬೆಳಕು ಹೆಚ್ಚು ಕುಕ್ಕುವುದರಿಂದ ಅವರಿಗೆ ಸಾಮಾನ್ಯವಾಗಿ ದರ್ಜೆ 3 ಹಿತವಾಗುತ್ತದೆ.

ಇನ್ನೊಬ್ಬರಿದ್ದಾರೆ. ಅವರು ಈ ಪ್ರಶ್ನೆ ಕೇಳಲು ನನ್ನ ಅಂಗಡಿಗೆ ಬರುವುದೇ ಇಲ್ಲ. ನಾವು ವಾರಕ್ಕೊಮ್ಮೆ ನಾಲ್ಕು ಗಂಟೆ ಬಿಸಿಲಿನಲ್ಲಿದ್ದರೆ, ನಮ್ಮ ಚೀಲ ಹೊರುವ ಕ್ಯಾಡಿ ವಾರದಲ್ಲಿ ಐದಾರು ದಿನ, ಕೆಲವೊಮ್ಮೆ ದಿನಕ್ಕೆ ಎರಡು ರೌಂಡ್ ಇರುತ್ತಾನೆ. ನಮ್ಮ ಚೆಂಡು ಎಲ್ಲಿ ಬಿತ್ತೆಂದು ಸೂರ್ಯನ ಕಡೆಗೆ ಕಣ್ಣು ನೆಟ್ಟು ನೋಡುವವನು ಅವನು, ಫೇರ್‌ವೇಯಲ್ಲಿ ನಮಗಿಂತ ಮುಂದೆ ಹೋಗಿ ನಿಂತು ಪೆಟ್ಟಿನ ಅಪಾಯಕ್ಕೆ ಎದೆಯೊಡ್ಡುವವನೂ ಅವನೇ. ಗ್ರೀನ್ ಮೇಲೆ ಚೆಂಡು ಎತ್ತ ತಿರುಗುತ್ತದೆ ಎಂದು ಬಹಳ ಸಲ ನಾವು ಕೇಳುವುದು ಅವನ ಕಣ್ಣನ್ನು. ನನ್ನ ಜೊತೆ ಬರುವವನಿಗೆ ಇನ್ನೂ ಮೂವತ್ತೆರಡು. ಅವನ ಎಡಗಣ್ಣಿನಲ್ಲಿ ಮೂಗಿನ ಬದಿಯಿಂದ ಆ ಮಾಂಸದ ಪದರ ಆಗಲೇ ಚಿಗುರಿದೆ. ಕಳೆದ ಯುಗಾದಿಗೆ ಅವನಿಗೊಂದು ಕಂದು ಕನ್ನಡಕ ಕೊಟ್ಟೆ, ಹಿಂದೆ ದಾರ ಕಟ್ಟಿ, ಕೊರಳಿಗೆ ನೇತುಬಿಡುವ ಹಾಗೆ. "ಸರ್, ಆಡುವವರ ಎದುರು ನಾನು ಕೂಲಿಂಗ್ ಗ್ಲಾಸ್ ಹಾಕಿಕೊಂಡರೆ ಚೆನ್ನಾಗಿರುತ್ತದೆಯೇ?" ಎಂದು ಹಿಂಜರಿದ. ನೀವು ಆಡುವ ಕಡೆ ಇಂಥ ಹಿಂಜರಿಕೆ ಇದ್ದರೆ ನೀವೇ ಮುಂದಾಗಿ ಹೇಳಿ ಹಾಕಿಸಿ. ನಿಮಗಾಗಿ ಹತ್ತು ಸಾವಿರದ ಕನ್ನಡಕ ಕೊಳ್ಳುವ ದಿನ ಅದೇ ಅಂಗಡಿಯಲ್ಲಿ ಎಂಟುನೂರು ರೂಪಾಯಿಯದ್ದನ್ನೂ ಒಂದು ಕಟ್ಟಿಸಿಕೊಳ್ಳಿ. ದರ್ಜೆ 2, ಕಂದು, ಪಾಲಿಕಾರ್ಬೊನೇಟ್, ಜೊತೆಗೆ ದಾರ.